ಮೂರು ನಿಮಿಷದ ಗಂಟೆ

ಹೊಸದಾಗಿ ಕಾಲೇಜಿಗೆ ಸೇರಿ ಸಂವಹನ ಕೌಶಲದ ತರಗತಿಯನ್ನು ತಲೆಗೆ ಕಟ್ಟಿಸಿಕೊಂಡ ಅಧ್ಯಾಪಕರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಮೇಡಂ, ನಿಮ್ಮ ಹಳೇ ನೋಟ್ಸ್ ಇದ್ರೆ ಕಳಿಸ್ರಿ" ಎನ್ನುತ್ತಾರೆ. ನೋಟ್ಸ್ ಎಲ್ಲ ನಿವೃತ್ತಿಯಾದ ವಾರವೇ ರದ್ದಿಗೆ ಹೋದವು. ನನ್ನ ಹತ್ತಿರ ಉಳಿದಿರುವುದು ಮಾಡಿದ ತಪ್ಪುಗಳು ಮಾತ್ರ. ಅವು ರದ್ದಿಯವನಿಗೂ ಬೇಡ. ಎಸ್.ಎಸ್. ಬಡಾವಣೆಯ ಮನೆಯ ವರಾಂಡದಲ್ಲಿ ಕೂತು ಅವುಗಳನ್ನೇ ಬರೆದಿಡುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ವಿಭಾಗದ ಮುಖ್ಯಸ್ಥೆ ಯಾವಾಗ ಆದೆ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಬೇಕಾದವರು ಅಲ್ಲೇ ನೋಡಿಕೊಳ್ಳಲಿ.

ನಾನು ದಾವಣಗೆರೆಯ ಕಾಲೇಜಿಗೆ ಸೇರಿದ ಹೊಸತರಲ್ಲಿ ಸಂವಹನ ಎಂದರೆ ಯಾರಿಗೂ ಬೇಡದ ಪೀರಿಯಡ್. ಊಟವಾದ ಮೇಲಿನ ಹೊತ್ತು, ಫ್ಯಾನ್ ತಿರುಗದ ಕೊಠಡಿ. ಇಲ್ಲದ ಊರಿನ ಇಲ್ಲದ ಪುಸ್ತಕದಂಗಡಿಗೆ ಹುಡುಗರಿಂದ ದೂರಿನ ಪತ್ರ ಬರೆಸುತ್ತಿದ್ದೆ. ಸ್ವಪರಿಚಯ ಹೇಳಿಸಿದರೆ ಇಡೀ ತರಗತಿಯ ಹವ್ಯಾಸ ಒಂದೇ, ಪುಸ್ತಕ ಓದುವುದು. ಒಮ್ಮೆ ಒಬ್ಬನನ್ನು "ಯಾವ ಪುಸ್ತಕ ಓದಿದ್ದೀಯಪ್ಪ?" ಎಂದು ಕೇಳಿದೆ. ಅವನು ಮೇಲೆ ನಿಂತ ಫ್ಯಾನನ್ನು ನೋಡಿದ. ಪಕ್ಕದವನೂ ಅದನ್ನೇ ನೋಡಿದ. ಆವತ್ತು ನನಗೆ ಬಂದ ಸಿಟ್ಟಿನಿಂದಲೇ ಮುಂದಿನದೆಲ್ಲ ಶುರುವಾಯಿತು.

ಇಡೀ ತರಗತಿ ಒಂದೇ ಪುಸ್ತಕವನ್ನು ಒಟ್ಟಿಗೆ ಓದಬೇಕು, ಇದು ನನ್ನ ಮೊದಲ ನಿಯಮ. ಓದಿದ್ದನ್ನು ಕಾಲೇಜಿನ ಹೊರಗೆ, ಪುಸ್ತಕ ಕೈಗೆ ಸಿಗದ ಜನರಿಗೆ ವಾರವಾರ ಹೋಗಿ ಹೇಳಬೇಕು, ಇದು ಎರಡನೆಯದು. ಓದಿಗೆ ಓದೂ ಆಯಿತು, ಸೇವೆಗೆ ಸೇವೆಯೂ ಆಯಿತು ಎಂದು ನಾನು ಹಿಗ್ಗಿದೆ. ಪುಸ್ತಕ ತೆಳ್ಳಗಿನ ಒಂದು ಇಂಗ್ಲಿಷ್ ಕಥೆ. ಸಮುದ್ರದ ದಂಡೆಯ ದೀಪಸ್ತಂಭದಲ್ಲಿ ಕೆಲಸ ಮಾಡುವವನು ಕಾಯಿಲೆ ಬೀಳುತ್ತಾನೆ. ಗಂಡನ ಕೆಲಸ ಹೋಗದಿರಲಿ ಎಂದು ಹೆಂಡತಿಯೇ ಯಾರಿಗೂ ತಿಳಿಯದಂತೆ ದಿನಾ ದೀಪ ಹಚ್ಚುತ್ತಾಳೆ. ನಮ್ಮ ಹುಡುಗರಲ್ಲಿ ಸಮುದ್ರ ಕಂಡವರು ಕಡಿಮೆ. ಆದರೂ ಇಂಗ್ಲಿಷನ್ನು ಕಣ್ಣಲ್ಲಿ ಓದಿಕೊಂಡು ಬಾಯಲ್ಲಿ ಕನ್ನಡ ಹೇಳಬೇಕು. ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಯಾವುದಿದೆ ಎಂದು ನಾನು ವಾದ ಮಾಡುತ್ತಿದ್ದೆ.

ವಾದ ಮಾಡಬೇಕಾದದ್ದು ಪ್ರಾಂಶುಪಾಲರ ಜೊತೆ. ಅವರು ಒಳ್ಳೆಯವರೇ, ಆದರೆ ಫೋಟೋ ಇಲ್ಲದ ಕೆಲಸವನ್ನು ಕೆಲಸ ಎಂದು ಒಪ್ಪುತ್ತಿರಲಿಲ್ಲ. "ಓದ್ರಿ, ಬ್ಯಾಡ ಅನ್ನಲ್ಲ. ಆದ್ರೆ ಹಿಂದೆ ಬ್ಯಾನರ್ ಇರ್ಬೇಕು, ಬ್ಯಾನರ್ ಮೇಲೆ ಕಾಲೇಜ್ ಹೆಸ್ರು ಇರ್ಬೇಕು" ಎಂದರು. ಹಾಗಾಗಿ ಊರಿನ ಪಕ್ಕದ ಆವರಗೆರೆಯಲ್ಲಿ ನಮ್ಮ ಮೊದಲ ಓದು ಮೈಕು, ಶಾಲು, ಬ್ಯಾನರಿನ ಸಮೇತ ನಡೆಯಿತು. ಕುರ್ಚಿಗಳನ್ನು ಸುತ್ತಲಿನ ಮನೆಗಳಿಂದಲೇ ಎರವಲು ತಂದಿದ್ದೆವು. ಜನ ಬಂದರು, ಕೂತರು, ಫೋಟೋ ತೆಗೆಸಿಕೊಂಡರು. ಫೋಟೋ ಆಯಿತೆಂದರೆ ಕಾರ್ಯಕ್ರಮ ಮುಗಿಯಿತು ಎಂದುಕೊಂಡು ಎದ್ದು ಹೋದರು. ನಮ್ಮ ಹುಡುಗಿ ಖಾಲಿ ಕುರ್ಚಿಗಳಿಗೆ ಸಮುದ್ರದ ಕಥೆ ಹೇಳುತ್ತ ನಿಂತಳು. ಮೂಲೆಯಲ್ಲಿ ಒಬ್ಬ ಅಜ್ಜ ಮಾತ್ರ ಕೂತಿದ್ದರು. ನನಗೆ ಜೀವ ಬಂದಂತಾಯಿತು. ಮುಗಿದ ಮೇಲೆ ಹೋಗಿ, "ಕಥೆ ಹೆಂಗಿತ್ತು ಅಜ್ಜ?" ಎಂದು ಕೇಳಿದೆ.

"ಏನೋ ಗೊತ್ತಿಲ್ಲಮ್ಮ. ಈ ಕುರ್ಚಿ ನಂದು. ನೀವು ಮುಗಿಸಿದ್ರೆ ತಗಂಡು ಹೋಗಾಣ ಅಂತ ಕೂತಿದ್ದೆ."

ಈ ಅಜ್ಜನಿಂದ ಕಲಿತದ್ದು ಬಹಳ. ಜನರನ್ನು ನಮ್ಮ ಓದಿನ ಹತ್ತಿರ ಕರೆಯಬಾರದು, ಅವರು ಕೆಲಸ ಮಾಡುವ ಜಾಗಕ್ಕೆ ನಾವೇ ಹೋಗಬೇಕು. ಮುಂದಿನ ವಾರದಿಂದ ಬ್ಯಾನರನ್ನು ಮಡಚಿಟ್ಟು ತರಗತಿಯನ್ನು ಎರಡು ತಂಡ ಮಾಡಿದೆ. ಒಂದು ತಂಡ ಹರಿಹರದಲ್ಲಿ ಹೊಳೆ ದಂಡೆಗೆ, ಬಟ್ಟೆ ಒಗೆಯುವವರ ಹತ್ತಿರ ಹೋಯಿತು. ಅಲ್ಲಿ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಎರಡು ಏಟಿನ ನಡುವೆ ಒಂದು ವಾಕ್ಯ ಮುಗಿಯಬೇಕು. ಉದ್ದುದ್ದ ಮಾತಾಡುತ್ತಿದ್ದ ನಮ್ಮ ಹುಡುಗರು ಒಂದೇ ತಿಂಗಳಲ್ಲಿ ಚಿಕ್ಕ ವಾಕ್ಯ ಕಲಿತರು. ನಾನು ಬೋರ್ಡ್ ಮೇಲೆ ಬರೆದು ಬರೆದು ಸೋತಿದ್ದ ಪಾಠ ಅದು.

ಎರಡನೆಯ ತಂಡ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಗೆ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಒಲೆಯ ಮೇಲಿನ ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಉಪ್ಪು ಬೆರೆಸಿದ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಶೆಡ್ಡಿಗೆ ಭಟ್ಟಿ ಎನ್ನುತ್ತೇವೆ. ಬೆಳಗಿನ ಹುರಿಯುವ ಕೆಲಸ ಮುಗಿದ ಮೇಲೆ ಹೆಂಗಸರು ಸಾಲಾಗಿ ಕೂತು ಮಂಡಕ್ಕಿ ಜರಡಿ ಹಿಡಿಯುತ್ತಾರೆ, ಸೀದ ಕಾಳು ಆರಿಸುತ್ತಾರೆ. ಆ ಹೊತ್ತಿಗೆ ನಾವು ಹೋಗುತ್ತಿದ್ದೆವು. ಗೋಣಿ ತಟ್ಟಿನ ಮೇಲೆ ಕೂತ ವಿದ್ಯಾರ್ಥಿ ಕಥೆ ಹೇಳುತ್ತಿದ್ದ. ಪುಸ್ತಕದ ಹಾಳೆಯ ಸಂದಿಯಲ್ಲಿ ಮರಳು ಸೇರುತ್ತಿತ್ತು. ಈಗಲೂ ನನ್ನ ಪ್ರತಿಯನ್ನು ಕೊಡವಿದರೆ ಎರಡು ಕಾಳು ಮರಳು ಬೀಳುತ್ತದೆ. ಆ ಬಿಸಿ ಉಪ್ಪಿನ ವಾಸನೆ ನೆನಪಾದರೆ ಮತ್ತೆ ಒಂದು ವರ್ಷ ಕೆಲಸಕ್ಕೆ ಹೋಗಿಬಿಡೋಣ ಅನ್ನಿಸುತ್ತದೆ.

ಇನ್ನು ನನ್ನ ಎರಡು ಆಯುಧಗಳ ಬಗ್ಗೆ ಹೇಳಬೇಕು. ಒಂದು, ಅಂಕಪಟ್ಟಿ. ಧ್ವನಿಗೆ ಇಷ್ಟು, ಉಚ್ಚಾರಣೆಗೆ ಇಷ್ಟು, ಕೇಳುಗರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದಕ್ಕೆ ಇಷ್ಟು ಎಂದು ಗೆರೆ ಹೊಡೆದ ಹಾಳೆ. ಇನ್ನೊಂದು, ಮಂಡಿಪೇಟೆಯಲ್ಲಿ ಕೊಂಡ ಸ್ಟೀಲ್ ಗಂಟೆ. ಅಂಗೈಯಲ್ಲಿ ಒತ್ತಿದರೆ ಟಿಣ್ ಎನ್ನುತ್ತದೆ. ತರಗತಿಯಲ್ಲಿ ಯಾರೇ ಮಾತಾಡಲಿ, ಮೂರು ನಿಮಿಷಕ್ಕೆ ನಾನು ಅದನ್ನು ಒತ್ತುತ್ತಿದ್ದೆ. ಒತ್ತಿದ ಮೇಲೆ ಬಾಯಲ್ಲಿ ಅರ್ಧ ವಾಕ್ಯವಿದ್ದರೂ ಕೂರಬೇಕು. ಸಮಯಪಾಲನೆಯೇ ಸಂವಹನದ ಅರ್ಧ ಎಂದು ನಾನು ಹೇಳುತ್ತಿದ್ದೆ. ಉಳಿದ ಅರ್ಧ ಏನು ಎಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ತಬಸ್ಸುಮ್ ಆ ತರಗತಿಯ ಹುಡುಗಿ. ಓದಿನಲ್ಲಿ ಮುಂದು, ಮಾತಿನಲ್ಲಿ ಹಿಂದು. ತಂಡಗಳ ಪಟ್ಟಿ ಹಾಕಿದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮೇಡಂ, ನನ್ನ ಹರಿಹರದ ತಂಡಕ್ಕೆ ಹಾಕ್ರಿ."

"ಯಾಕಮ್ಮ? ಭಟ್ಟಿ ನಿಮ್ಮ ಮನೆಗೆ ಹತ್ತಿರ ಇದೆ. ಹರಿಹರಕ್ಕೆ ಬಸ್ ಹತ್ತಬೇಕು."

"ಹತ್ತೀನ್ರಿ ಮೇಡಂ."

"ಕಾರಣ ಹೇಳು."

ಕಾರಣ ಹೇಳಲಿಲ್ಲ. ಹೊಗೆಯಲ್ಲಿ ಕೂರಲು ಮನಸ್ಸಿಲ್ಲ, ಹೊಳೆ ದಂಡೆಯ ಗಾಳಿ ಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ. ಪಟ್ಟಿ ಬದಲಾಗಲಿಲ್ಲ.

ಭಟ್ಟಿಯಲ್ಲಿ ಅವಳ ಸರದಿ ಬಂದ ದಿನ ನಾನು ಬೆರಗಾದೆ. ತರಗತಿಯಲ್ಲಿ ನುಂಗಿ ನುಂಗಿ ಮಾತಾಡುವವಳು ಅಲ್ಲಿ ನೀರು ಹರಿದ ಹಾಗೆ ಕಥೆ ಹೇಳಿದಳು. ದೀಪಸ್ತಂಭ ಎಂದರೆ ಏನೆಂದು ಹೆಂಗಸರಿಗೆ ತಿಳಿಯದಿದ್ದಾಗ, "ಮಸೀದಿ ಮಿನಾರ್ ಐತಲ್ಲ, ಅದ್ರ ತುದೀಗೆ ದೊಡ್ಡ ಕಂದೀಲು ಇಟ್ಟಂಗೆ. ಹಡಗಿನವರಿಗೆ ದಾರಿ ಕಾಣ್ಲಿ ಅಂತ" ಎಂದಳು. ಎಲ್ಲರೂ ಹೂಂಗುಟ್ಟಿದರು. ಸಾಲಿನ ಕೊನೆಯಲ್ಲಿ ಹಸಿರು ಸೆರಗಿನ ಒಬ್ಬಾಕೆ ಕೂರುತ್ತಿದ್ದರು, ಮುನೀರಾಬಿ ಅಂತ. ಪ್ರತಿ ವಾರವೂ ಪ್ರಶ್ನೆ ಅವರದೇ. "ಟೀಚರಮ್ಮ, ಆಕಿ ಹಗಲೆಲ್ಲ ಗಂಡನ ಸೇವೆ ಮಾಡಿ ಸಂಜೀಗೆ ಅಷ್ಟು ಮೆಟ್ಲು ಹೆಂಗೆ ಹತ್ತತಾಳ? ಮೊಣಕಾಲು ನೋಯಲ್ವಾ?" ಎಂದು ಕೇಳಿದರು. ಓದುವ ಹುಡುಗ ಹುಡುಗಿಯರನ್ನೆಲ್ಲ ಅವರು ಟೀಚರಮ್ಮ, ಟೀಚರಪ್ಪ ಎಂದೇ ಕರೆಯುತ್ತಿದ್ದರು. ತಬಸ್ಸುಮ್ ಉತ್ತರ ಹೇಳಿದಳು, ಆದರೆ ಅವರ ಕಡೆ ನೋಡಲಿಲ್ಲ. ಅವರೂ ಜರಡಿಯಿಂದ ಕಣ್ಣೆತ್ತಲಿಲ್ಲ.

ಕಣ್ಣಲ್ಲಿ ಕಣ್ಣಿಡುವ ಕಾಲಮ್ಮಿನಲ್ಲಿ ಹತ್ತಕ್ಕೆ ಎರಡು ಹಾಕಿದೆ.

ಕಥೆಯ ಕೊನೆಯ ಅಧ್ಯಾಯವೊಂದು ಬಾಕಿಯಿತ್ತು. ಬಿರುಗಾಳಿ ಎದ್ದಿದೆ, ಎಣ್ಣೆ ತಳ ಕಂಡಿದೆ, ದೀಪ ಉಳಿಯುತ್ತದೋ ಆರುತ್ತದೋ ಎಂಬಲ್ಲಿಗೆ ನಿಂತಿತ್ತು. ಅಷ್ಟರಲ್ಲಿ ತರಗತಿಯಲ್ಲಿ ಅನುಭವ ಹೇಳುವ ದಿನ ಬಂತು. ಒಬ್ಬೊಬ್ಬರಿಗೆ ಮೂರು ನಿಮಿಷ. ಹೇಳಿದ್ದನ್ನೇ ರಿಪೋರ್ಟ್ ಬರೆದೂ ಕೊಡಬೇಕು. ಮೊದಲು ಎದ್ದವನು ಕುಕ್ಕುವಾಡದ ಬಸವರಾಜ. ಒಕ್ಕಲುತನದ ಮನೆಯ ಹುಡುಗ, ಗಟ್ಟಿ ಗಂಟಲು. "ಭಟ್ಟಿಯ ಹೆಂಗಸರು ಪುಸ್ತಕವನ್ನೇ ಕಂಡವರಲ್ಲ. ಕಥೆ ಅವರ ತಲೆಗೆ ಹತ್ತುವುದಿಲ್ಲ. ಆದರೂ ನಾವು ಸೇವಾ ಮನೋಭಾವದಿಂದ ಜ್ಞಾನದ ಬೆಳಕನ್ನು ಕೊಟ್ಟೆವು" ಎಂದು ಎರಡೂ ಮುಕ್ಕಾಲು ನಿಮಿಷಕ್ಕೆ ಸರಿಯಾಗಿ ಮುಗಿಸಿದ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಒಳ್ಳೆಯ ಅಂಕವನ್ನೂ ಕೊಟ್ಟೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆಮೇಲೆ ತಬಸ್ಸುಮ್. ಎದ್ದು ಬಂದು ಟೇಬಲ್ಲಿನ ಪಕ್ಕ ನಿಂತಳು. ಒಂದು ನಿಮಿಷ ಬಾಯಿ ತೆರೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಎಂದರು. ಎರಡೂವರೆ ನಿಮಿಷ ಕಳೆಯಿತು. ನನ್ನ ಕೈ ಗಂಟೆಯ ಮೇಲಿತ್ತು, ಕಣ್ಣು ಗಡಿಯಾರದ ಮೇಲಿತ್ತು. ಕೊನೆಗೆ ಶುರು ಮಾಡಿದಳು.

"ಭಟ್ಟಿಯಲ್ಲಿ ಸಾಲಿನ ಕೊನೆಗೆ ಕೂತ್ಕೋತಾರಲ್ಲ, ಹಸಿರು ಸೆರಗಿನವರು... ವಾರವಾರ ಪ್ರಶ್ನೆ ಕೇಳೋರು... ಅವ್ರು ತಲೆಗೆ ಹತ್ತದೇ ಕೇಳಲ್ಲ. ಹತ್ತಿದ್ದಕ್ಕೇ ಕೇಳ್ತಾರೆ. ನಂಗೆ ಗೊತ್ತೈತೆ. ಯಾಕಂದ್ರೆ ಅವ್ರು ನನ್ನ—"

ಟಿಣ್.

"ಟೈಮ್ ಆಯ್ತಮ್ಮ, ಕೂತ್ಕೋ."

ಅವಳು ನನ್ನ ಮುಖ ನೋಡಿದಳು. ಹತ್ತಕ್ಕೆ ಹತ್ತು ಕೊಡಬೇಕಾದ ನೋಟ ಅದು. ಆಮೇಲೆ ಹೋಗಿ ಕೂತಳು. ನಾನು ಮುಂದಿನ ಹೆಸರು ಕರೆದೆ.

ಮರುದಿನದಿಂದ ತಬಸ್ಸುಮ್ ಕಾಲೇಜಿಗೆ ಬರಲಿಲ್ಲ. ಒಂದು ವಾರ ಕಳೆಯಿತು. ಮೌಖಿಕ ಪರೀಕ್ಷೆ ಹತ್ತಿರ ಬಂದಿತ್ತು, ಅದಕ್ಕೆ ಬರದಿದ್ದರೆ ಇಡೀ ವರ್ಷ ಹೋಗುತ್ತಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಮನೆ ಎಲ್ಲಿ ಎಂದು ಸರಿಯಾಗಿ ಯಾರಿಗೂ ಗೊತ್ತಿಲ್ಲ, ಭಟ್ಟಿಯ ಕಡೆಯೇ ಎಂದಷ್ಟೇ ಗೊತ್ತು. ಭಟ್ಟಿಯವರನ್ನೇ ಕೇಳೋಣ, ಸಿಕ್ಕರೆ ನಾಲ್ಕು ಮಾತು ಬೈದು ಕರೆತರೋಣ ಎಂದು ಓದುವ ಕಾರ್ಯಕ್ರಮ ಇಲ್ಲದ ದಿನ ಒಬ್ಬಳೇ ಹೋದೆ.

ಹೆಂಗಸರು ಕೆಲಸದಲ್ಲಿದ್ದರು. ನಾನು ತಬಸ್ಸುಮ್ ಹೆಸರು ಎತ್ತಿದ ಕೂಡಲೇ ಜರಡಿಗಳೆಲ್ಲ ನಿಂತವು. ಮುನೀರಾಬಿ ಸೆರಗಿನಿಂದ ಕೈ ಒರೆಸಿಕೊಂಡು ಗೋಣಿ ತಟ್ಟು ಹಾಸಿದರು.

"ಕೂಡ್ರಿ ಮೇಡಂ. ಅವ್ಳು ನನ್ನ ಮಗಳು."

ನಾನು ಕೂತೆ. ಕೂತ ತಕ್ಷಣ ನನ್ನ ಮಾಸ್ತರಿಕೆಯ ಬುದ್ಧಿ ಓಡಿತು. ತಾಯಿಯ ಕೆಲಸ ಗೆಳತಿಯರಿಗೆ ಗೊತ್ತಾಗಬಾರದೆಂದು ಹುಡುಗಿ ಹರಿಹರ ಕೇಳಿದ್ದಾಳೆ, ನಾಚಿಕೆಪಟ್ಟಿದ್ದಾಳೆ. ಬುದ್ಧಿ ಹೇಳಬೇಕು. "ದುಡಿಮೆಗೆ ನಾಚಿಕೆ ಪಡಬಾರದು ಅಂತ ಅವಳಿಗೆ ಹೇಳ್ರಿ" ಎಂದೇ ಬಿಟ್ಟೆ.

ಮುನೀರಾಬಿ ಜರಡಿಯನ್ನು ಪಕ್ಕಕ್ಕೆ ಸರಿಸಿದರು. "ನಾಚ್ಕೆ ಅವ್ಳಿಗಲ್ರಿ, ನಂಗೆ. ಕಾಲೇಜ್ ಹುಡುಗ್ರು ಬರ್ತಾರೆ, ನಮ್ಮನ್ನ ನೋಡಿ ಏನೇನು ಬರ್ಕಂಡು ಹೋಗ್ತಾರೋ, ನಿನ್ನ ಕಡೆ ಬೆರಳು ಮಾಡಿ ನಗ್ತಾರೋ ಏನೋ, ನಾನು ಅಮ್ಮಿ ಅಂತ ಹೇಳ್ಬ್ಯಾಡ, ನನ್ನ ಕಡೆ ನೋಡ್ಲೂಬ್ಯಾಡ ಅಂತ ಆಣೆ ಹಾಕಿದ್ದೆ. ಅದಕ್ಕೇ ಪಾಪ ಹರಿಹರಕ್ಕೆ ಹೋಗ್ತೀನಿ ಅಂದ್ಲು. ನೀವು ಬಿಡ್ಲಿಲ್ಲ. ಮನೀಗೆ ಬಂದು ದಿನಾ ಜಗಳ. ಹೇಳ್ತೀನಿ ಅಮ್ಮಿ, ಎಲ್ಲಾರ ಮುಂದೆ ಹೇಳ್ತೀನಿ, ಅಂತ. ಕೊನೀಗೆ ನಾನೇ ಸೋತು ಹೂಂ ಅಂದೆ."

"ಯಾವತ್ತು?"

"ನೀವು ಕ್ಲಾಸಲ್ಲಿ ಮಾತಾಡ್ಸಿದ್ರಲ್ಲ, ಅವತ್ತು ಮುಂಜಾನೆ. ಕನ್ನಡಿ ಮುಂದೆ ನಿಂತು ಹೇಳ್ಕಂಡು ಹೇಳ್ಕಂಡು ಹೋದ್ಲು. ಸಂಜೀಗೆ ಬಂದ್ಲು. ಹೇಳಿದ್ಯಾ ಬೇಟಿ ಅಂದೆ. ಇಲ್ಲ ಅಮ್ಮಿ, ಗಂಟೆ ಹೊಡೆದ್ರು, ಅಂದ್ಲು. ಅಷ್ಟೇ. ಇನ್ನು ಕಾಲೇಜ್ ಸಾಕು ಅಂತ ಕೂತಾಳೆ. ನಂಗೆ ಹೆಂಗೆ ಕಳ್ಸಬೇಕೋ ಗೊತ್ತಾಗ್ತಿಲ್ಲ ಮೇಡಂ."

ಕ್ಷಮೆ ಕೇಳುವ ಪತ್ರದ ನಮೂನೆಯನ್ನು ವರ್ಷವರ್ಷ ಬೋರ್ಡಿನ ಮೇಲೆ ಬರೆಸಿದವಳು ನಾನು. ಎಲ್ಲಿ ದಿನಾಂಕ, ಎಲ್ಲಿ ಸಹಿ ಎಂದು ಗೊತ್ತು. ಆದರೆ ಆ ಗೋಣಿ ತಟ್ಟಿನ ಮೇಲೆ ಕೂತು ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಬದಲಿಗೆ ಎದ್ದು, ಮೇಷ್ಟ್ರ ಧ್ವನಿಯಲ್ಲೇ, "ಶನಿವಾರ ಎರಡೂ ತಂಡ ಇಲ್ಲಿಗೆ ಬರುತ್ತವೆ. ಕೊನೆಯ ಅಧ್ಯಾಯ ಅವಳೇ ಓದಬೇಕು. ಅವಳ ಮಾತು ಅರ್ಧಕ್ಕೆ ನಿಂತಿದೆ, ಮುಗಿಸಬೇಕು ಅಂತ ಹೇಳಿ" ಎಂದೆ. ಹೊರಗೆ ಬಂದು ಆಟೋ ಹತ್ತಿದ ಮೇಲೆ ಅಳು ಬಂತು.

ಶನಿವಾರ ಅವಳು ಬರುತ್ತಾಳೆಂಬ ಭರವಸೆ ನನಗಿರಲಿಲ್ಲ. ಶೆಡ್ಡಿನ ತುಂಬ ಹುಡುಗರು ಒತ್ತಿ ಕೂತಿದ್ದರು. ಗಂಟೆಯನ್ನು ಕಾಲೇಜಿನಲ್ಲೇ ಬಿಟ್ಟು ಬಂದಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬಾಗಿಲಿನಿಂದ ಬಂದು ತಬಸ್ಸುಮ್ ಗೋಣಿ ತಟ್ಟಿನ ಮೇಲೆ ಕೂತಳು. ನನ್ನ ಕಡೆ ನೋಡಲಿಲ್ಲ. ಪುಸ್ತಕ ತೆರೆದು ಬಿರುಗಾಳಿಯಿಂದ ಶುರು ಮಾಡಿದಳು. ಎಣ್ಣೆ ಮುಗಿಯುತ್ತ ಬಂತು, ಕಿಟಕಿಯ ಗಾಜು ಒಡೆಯಿತು, ಹೆಂಗಸು ತನ್ನ ಮೈಯನ್ನೇ ದೀಪಕ್ಕೆ ಅಡ್ಡ ಹಿಡಿದು ನಿಂತಳು. ಅಲ್ಲಿ ತಬಸ್ಸುಮ್ ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟಳು. ಸಾಲಿನ ಕೊನೆಯ ಕಡೆ ನೇರವಾಗಿ ನೋಡಿದಳು.

"ಇವ್ರು ನಮ್ಮಮ್ಮಿ" ಎಂದಳು.

ಮುನೀರಾಬಿ ಜರಡಿಯಿಂದ ತಲೆಯೆತ್ತಿ ಮಗಳ ಕಣ್ಣನ್ನು ನೋಡಿದರು.

"ಗೊತ್ತೈತೆ. ಮುಂದ ಓದು. ದೀಪ ಏನಾತು?"

ಮೊದಲು ನಕ್ಕವರು ಭಟ್ಟಿಯ ಹೆಂಗಸರು, ಆಮೇಲೆ ನಮ್ಮ ಹುಡುಗರು. ತಬಸ್ಸುಮ್ ನಗುತ್ತಲೇ ಕಣ್ಣೊರೆಸಿಕೊಂಡು ಓದಿದಳು. ದೀಪ ಆರಲಿಲ್ಲ. ಓದು ಮುಗಿದ ಮೇಲೆ ಬಸವರಾಜ ನನ್ನ ಹತ್ತಿರ ಬಂದು, "ಮೇಡಂ, ನನ್ನ ರಿಪೋರ್ಟ್ ವಾಪಸ್ ಕೊಡ್ರಿ. ನಮ್ಮವ್ವನೂ ಮನ್ಯಾಗ ಕಾಳು ಹಸನು ಮಾಡ್ತಾ ಹಿಂಗೇ ಕೇಳ್ತಿರ್ತಾಳ. ನಾ ಏನೋ ಬರ್ದುಬಿಟ್ಟೀನಿ" ಎಂದ. ಅಂಕ ಕೊಟ್ಟವಳು ನಾನು, ಅವನೊಬ್ಬನ ತಪ್ಪಲ್ಲ ಎಂದು ಹೇಳಬೇಕಿತ್ತು. ರಿಪೋರ್ಟ್ ಮಾತ್ರ ವಾಪಸ್ ಕೊಟ್ಟೆ.

ತಬಸ್ಸುಮ್ ಮೌಖಿಕ ಪರೀಕ್ಷೆಗೆ ಬಂದಳು, ವರ್ಷ ಉಳಿಯಿತು. ಅಂಕಪಟ್ಟಿಯಿಂದ ನಾನು ಕಣ್ಣಿನ ಕಾಲಮ್ಮನ್ನು ಹೊಡೆದು ಹಾಕಿದೆ. ಕೆಲಸದಲ್ಲಿರುವ ಕೈಯ ಕಡೆಗೇ ಕಣ್ಣಿರುತ್ತದೆ, ಕಿವಿ ಮಾತ್ರ ನಮ್ಮ ಕಡೆ ಇರುತ್ತದೆ ಎಂದು ಪ್ರಾಂಶುಪಾಲರಿಗೆ ವಿವರಿಸಿದೆ. ಅವರು ಎಲ್ಲ ಕೇಳಿ, "ಅದು ಸರಿ, ಶನಿವಾರದ್ದು ಫೋಟೋ ಐತಾ?" ಎಂದರು. ಇರಲಿಲ್ಲ. ಬಾಕಿಯಿದ್ದ ಕ್ಷಮೆ ಮಾತ್ರ ಬಾಕಿಯೇ ಉಳಿಯಿತು. ನಾಳೆ ಕೇಳೋಣ, ಪರೀಕ್ಷೆ ಮುಗಿಯಲಿ, ಫಲಿತಾಂಶ ಬರಲಿ ಎನ್ನುತ್ತಿರುವಾಗಲೇ ಅವಳು ಡಿಗ್ರಿ ಮುಗಿಸಿ ಹೋದಳು. ಎದುರಿಗೆ ಸಿಕ್ಕಾಗಲೆಲ್ಲ ಮಳೆ ಬಿಸಿಲಿನ ಮಾತಾಡಿದ್ದೇನೆ.

ಈಗ ತಬಸ್ಸುಮ್ ಹರಿಹರದ ಒಂದು ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತಾಳೆ. ಹುಡುಗರು ಫೋನಿನಲ್ಲೇ ಪುಸ್ತಕ ಓದುತ್ತಾರೆ, ಆದರೂ ಒಂದೇ ಪುಸ್ತಕವನ್ನು ಎಲ್ಲರೂ ಓದುತ್ತಾರೆ, ಶನಿವಾರ ಹೊಳೆ ದಂಡೆಗೂ ಹೋಗುತ್ತಾರೆ. ಹೋದ ವರ್ಷ ಅವಳ ಫೋನ್ ಬಂತು.

"ಮೇಡಂ, ಆ ಗಂಟೆ ಇನ್ನೂ ಐತೇನ್ರಿ?"

"ಇದೆ. ಯಾಕೆ?"

"ನಂಗೆ ಬೇಕಿತ್ತು. ಒಂದಿನ ಬಂದು ನಮ್ಮ ಹುಡುಗ್ರಿಗೆ ನಿಮ್ಮ ಸರ್ವಿಸ್ ಕಥೆನೂ ಹೇಳ್ರಿ. ಬರ್ತಾ ತಗಂಡು ಬರ್ರಿ."

ಸೀರೆಗಳ ಹಿಂದೆ ಬಚ್ಚಿಟ್ಟಿದ್ದ ಗಂಟೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಹರಿಹರಕ್ಕೆ ಹೋದೆ. ಅವಳು ಅದನ್ನು ತೆಗೆದುಕೊಂಡು ಮುಂದಿನ ಬೆಂಚಿನ ಒಬ್ಬ ಹುಡುಗಿಯ ಎದುರಿಗೆ ಇಟ್ಟಳು. "ಇನ್ಮೇಲೆ ಇದು ನಿಮ್ಮ ಕೈಯಾಗ ಇರುತ್ತೆ. ಟೀಚರ್ ಜಾಸ್ತಿ ಮಾತಾಡಿದ್ರೆ ಹೊಡೀರಿ. ನಾನಾದ್ರೂ ಸರಿ, ಯಾರಾದ್ರೂ ಸರಿ" ಎಂದು ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತಳು.

ನಾನು ಶುರು ಮಾಡಿದೆ. ಇಲ್ಲದ ಪುಸ್ತಕದಂಗಡಿ, ಆವರಗೆರೆಯ ಅಜ್ಜನ ಕುರ್ಚಿ, ಬಟ್ಟೆಯ ಏಟಿನ ನಡುವಿನ ವಾಕ್ಯ. ಹುಡುಗರು ನಗುತ್ತಿದ್ದರು. ನಗು ಕಂಡರೆ ನನಗೆ ಮೈಮರೆವು. ಭಟ್ಟಿಯ ಕಥೆಗೂ ಬಂದೆ, ಹೆಸರು ಹೇಳದೆ ಆ ಹುಡುಗಿಯ ಕಥೆಗೂ ಬಂದೆ. ಹಿಂದಿನ ಬೆಂಚಿನ ಕಡೆ ನೋಡುವ ಧೈರ್ಯವಾಗಲಿಲ್ಲ. "ಆವತ್ತು ನಾನು ಆ ಹುಡುಗಿಗೆ—" ಎಂದೆ.

ಟಿಣ್.

ತರಗತಿ ಗೊಳ್ಳೆಂದು ನಕ್ಕಿತು. ಗಂಟೆ ಒತ್ತಿದ ಹುಡುಗಿಗೆ ಪಾಪ ಏನೂ ಗೊತ್ತಿಲ್ಲ, ಹೇಳಿದ ಕೆಲಸ ಮಾಡಿದ್ದಳು. ನನ್ನ ನಿಯಮ ನನಗೂ ಅನ್ವಯಿಸಬೇಕಲ್ಲ, ಕುರ್ಚಿಯ ಮೇಲೆ ಕೂತೆ. ಬಾಯಲ್ಲಿ ಅರ್ಧ ಮಾತು ಇಟ್ಟುಕೊಂಡು ಕೂರುವುದು ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಎಷ್ಟು ಮಕ್ಕಳನ್ನು ಹೀಗೆ ಕೂರಿಸಿದ್ದೆನೋ.

ಹಿಂದಿನ ಬೆಂಚಿನಿಂದ ತಬಸ್ಸುಮ್ ಎದ್ದು ನಿಂತಳು. "ಮುಗಿಸ್ರಿ ಮೇಡಂ. ಯಾರೂ ಎದ್ದು ಹೋಗಲ್ಲ."

ನಾನು ಎದ್ದೆ. ಈ ಸಲ ಅವಳನ್ನೇ ನೋಡಿದೆ.

"ಆವತ್ತು ನಾನು ಆ ಹುಡುಗಿಗೆ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು, ತಬಸ್ಸುಮ್. ಕ್ಷಮಿಸಮ್ಮ."

ಹುಡುಗರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳ ತಾಯಿಯದೇ ಕಣ್ಣು, ತಾಯಿಯದೇ ಧ್ವನಿ.

"ಗೊತ್ತೈತೆ ಮೇಡಂ" ಎಂದಳು. "ಮುಂದ ಹೇಳ್ರಿ."